ಬೇಡ ಅಂದವನ ಲ್ಯಾಪ್‌ಟಾಪ್

"ಇದು ಬೇಡ" ಎಂದ ಅಂಗಡಿಯವನು.

ಕೈಸ್ಲಾಳ ಬೆರಳು ಗಾಜಿನ ಮೇಲೆ ಹಾಗೇ ನಿಂತಿತು. ಗಾಜಿನ ಹಿಂದೆ ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಒಂದು ಬಿಸ್ಕತ್ತಿನಷ್ಟು ತೆಳ್ಳಗೆ ಮಲಗಿತ್ತು. ಗಿರಾಕಿ ಬೇಕು ಅಂದದ್ದನ್ನು ಅಂಗಡಿಯವನೇ ಬೇಡ ಅನ್ನುವುದನ್ನು ಅವಳು ತನ್ನ ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಕಂಡಿರಲಿಲ್ಲ. ಅವಳೂ ಅಂಗಡಿಯಲ್ಲಿ ನಿಂತವಳೇ. ಅಪ್ಪನ ಬೇಕರಿಯ ಕೌಂಟರಿನ ಹಿಂದೆ ಹದಿನಾರು ವರ್ಷ ನಿಂತು, ನಿನ್ನೆಯ ಬನ್ನನ್ನು ಕೂಡ ನಗುನಗುತ್ತ ಮಾರಿದವಳು.

ತನಗೆ ಏನು ಬೇಕು ಅನ್ನುವುದನ್ನು ಅವಳು ಬಾಗಿಲಲ್ಲೇ ಸ್ಪಷ್ಟವಾಗಿ ಹೇಳಿದ್ದಳು. ಶಾಲೆಯ ಕೆಲಸಕ್ಕೆ ಒಂದು ಲ್ಯಾಪ್‌ಟಾಪ್ ಬೇಕು, ಜೊತೆಗೆ ಐದು ನಿಮಿಷದ ಚಿತ್ರವೊಂದಕ್ಕೆ ಸ್ವಲ್ಪ ವಿಡಿಯೋ ಎಡಿಟಿಂಗ್ ಮಾಡಬೇಕು. ಯಾವ ಶಾಲೆ ಅಂತ ಅವನು ಕೇಳಿದ. ವಯಸ್ಕರ ಶಾಲೆ, ಸೆಪ್ಟೆಂಬರಿನಲ್ಲಿ ಫೈನಲ್ ಪರೀಕ್ಷೆ ಅಂದಳು. ಅವನು ಅವಳ ಮೊಣಕೈಗೆ ಅಂಟಿದ್ದ ಹಿಟ್ಟನ್ನು ನೋಡಿದ, ಬೆಳ್ಳಿ ಯಂತ್ರವನ್ನು ನೋಡಿದ, ಬೇಡ ಅಂದ. ಆಮೇಲೆ ಮೂಲೆಯಲ್ಲಿದ್ದ, ಇಟ್ಟಿಗೆಯಷ್ಟು ದಪ್ಪನೆಯ ಕಪ್ಪು ಯಂತ್ರದ ಕಡೆ ಗದ್ದದಿಂದಲೇ ತೋರಿಸಿ, "ಅದಾಗತ್ತೆ" ಅಂದ.

ಯಾಕೆ ಅಂತ ಅವಳು ಕೇಳಬಹುದಿತ್ತು. ಯಾಕೆ ಅಂತ ಅವನು ಹೇಳಬಹುದಿತ್ತು. ಎರಡೂ ಆಗಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ದೂರದ ಉತ್ತರದ ಚಳಿನಾಡಿನ ರಾಹೆ ಊರಿನವರೆಲ್ಲ ಕೋಟ್ಯಧಿಪತಿಗಳು. ಕೇಳದೆ ಹೇಳುವುದು ಅಲ್ಲಿ ಅಧಿಕಪ್ರಸಂಗ. ಬಾಯಿಬಿಟ್ಟು ಕೇಳುವುದು ತನ್ನ ದಡ್ಡತನವನ್ನು ತಾನೇ ಬೀದಿಗೆ ಇಟ್ಟ ಹಾಗೆ. ಸಮುದ್ರದ ದಡದ ಆ ಮರದ ಮನೆಗಳಲ್ಲಿ ಎಷ್ಟು ಮದುವೆ, ಎಷ್ಟು ಆಸ್ತಿ, ಎಷ್ಟು ಸ್ನೇಹ ಹೀಗೆ ಕೇಳದೆ ಹೇಳದೆ ಮುರಿದುಬಿದ್ದಿವೆಯೋ ದೇವರಿಗೇ ಗೊತ್ತು.

ಕೈಸ್ಲಾಗೆ ಕೇಳಿಸಿದ್ದು ಒಂದೇ: ಇದು ನಿನ್ನಂಥವಳಿಗಲ್ಲ. ಕೋಪ ಬಂದರೆ ತಲೆ ತಗ್ಗಿಸಿ ನೆಲ ನೋಡುವುದು ಅವಳ ಅಭ್ಯಾಸ. ನೆಲದ ಮೇಲೆ ಅವನ ಕಂದು ಶೂಗಳು ಕಂಡವು. ಬಲಗಾಲಿನದಕ್ಕೆ ಕಂದು ಲೇಸು, ಎಡಗಾಲಿನದಕ್ಕೆ ಕೆಂಪು. ತನ್ನ ಶೂಗೆ ಒಂದು ಜೊತೆ ಲೇಸು ಹುಡುಕಲಾರದವನು ನನಗೆ ಬುದ್ಧಿ ಹೇಳುತ್ತಾನೆ ಅಂದುಕೊಂಡು, ಧನ್ಯವಾದ ಕೂಡ ಹೇಳದೆ ಅವಳು ಬಾಗಿಲು ಎಳೆದುಕೊಂಡು ಹೊರಬಿದ್ದಳು. ಬಾಗಿಲಿನ ಗಂಟೆ ಅವಳ ಪರವಾಗಿ ಗದ್ದಲ ಮಾಡಿತು.

ಕೈಸ್ಲಾಳ ಹಟದ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ.

ಅವಳಿಗೆ ಹದಿನೆಂಟು ತುಂಬಿದ ವಸಂತದಲ್ಲಿ ಅಪ್ಪನ ಬೆನ್ನು ಕೈಕೊಟ್ಟಿತು. ಪರೀಕ್ಷೆಯ ಬೆಳಿಗ್ಗೆ ಗೆಳತಿಯರೆಲ್ಲ ಶಾಲೆಯ ಸಭಾಂಗಣದಲ್ಲಿ ಕೂತಿದ್ದಾಗ ಅವಳು ಒಲೆಯ ಮುಂದೆ ನಿಂತು ರೈ ಧಾನ್ಯದ ಬ್ರೆಡ್ಡು ತೆಗೆಯುತ್ತಿದ್ದಳು. ಪಾಸಾದವರು ತಲೆಗೆ ಇಟ್ಟುಕೊಳ್ಳುವ ಬಿಳಿ ಟೋಪಿ ಅವಳ ತಲೆಗೆ ಬರಲಿಲ್ಲ. ಆದರೆ ಕೈಗೆ ಬಂತು, ಅದೂ ನೂರಾರು. ಪ್ರತಿ ಮೇ ತಿಂಗಳ ಕೊನೆಗೆ ಊರಿನ ಮಕ್ಕಳ ಪಾರ್ಟಿಗೆ ಬಿಳಿ ಟೋಪಿಯ ಆಕಾರದ ಕೇಕು ಮಾಡುವವಳು ಅವಳೇ. ಕೆನೆಯಲ್ಲಿ ಟೋಪಿ ಬಿಡಿಸಿ, ಕಪ್ಪು ಚಾಕಲೇಟಿನಲ್ಲಿ ಅಂಚು ಕಟ್ಟಿ, ಮೇಲೆ ಇನ್ನೊಬ್ಬರ ಹೆಸರು ಬರೆದೂ ಬರೆದೂ ಅವಳ ಅಕ್ಷರ ಮುತ್ತಿನಂತಾಗಿತ್ತು.

ಎರಡು ವರ್ಷದ ಹಿಂದೆ, ಅಂಥ ಒಂದು ಕೇಕಿನ ಮೇಲೆ ಯಾರದೋ ಹೆಸರು ಬರೆಯುತ್ತಿದ್ದಾಗ ಕೈ ನಿಂತುಹೋಯಿತು. ಮಾರನೆಯ ದಿನವೇ ಹೋಗಿ ವಯಸ್ಕರ ಶಾಲೆಗೆ ಹೆಸರು ಕೊಟ್ಟಳು.

ಬೇಕರಿ ನಡೆಸುವ ಅಕ್ಕ ಟೆಲ್ಲೆರ್ವೋ ಕೆಟ್ಟವಳೇನಲ್ಲ. ನಾಲಿಗೆ ಮಾತ್ರ ಬ್ರೆಡ್ ಕತ್ತರಿಸುವ ಚಾಕು. "ನನ್ನ ಟೋಪಿ ನೋಡು, ಷೋಕೇಸಲ್ಲಿ ಕೂತು ಹಳದಿ ಆಗಿದೆ" ಅನ್ನುತ್ತಿದ್ದಳು. "ಅದರಿಂದ ಒಂದು ಬನ್ನು ಬೆಂದಿದ್ಯಾ?"

"ನಿನ್ನ ಹತ್ರ ಇದೆ ಅಕ್ಕ. ಅದಕ್ಕೇ ಅದು ಬೇಡ ಅನ್ನೋಕೆ ನಿಂಗೆ ಬಾಯಿ ಬರತ್ತೆ."

ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಎರಡು ವರ್ಷ ಸಂಜೆಗಳೆಲ್ಲ ಕೈಸ್ಲಾಳವು. ಈ ಸೆಪ್ಟೆಂಬರಿನಲ್ಲಿ ಅರ್ಧ ಪತ್ರಿಕೆ, ಮಾರ್ಚಿನಲ್ಲಿ ಉಳಿದರ್ಧ ಬರೆದು ಬರುವ ಮೇ ತಿಂಗಳಲ್ಲಿ ಟೋಪಿ ಹಾಕಿಕೊಳ್ಳಬೇಕು. ಸೆಪ್ಟೆಂಬರಿನ ಒಂದು ಪತ್ರಿಕೆ ತಪ್ಪಿದರೂ ಓದು ಸಾಕು, ಕ್ರಿಸ್‌ಮಸ್ಸಿನಿಂದ ಮತ್ತೆ ಪೂರ್ತಿ ದಿನ ಬೇಕರಿ. ಇಬ್ಬರೂ ಕೈಕುಲುಕಿ ಒಪ್ಪಿದ್ದರು. ಅಂಥ ಮಾತನ್ನು ಅಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟು ದಿನ ಶಾಲೆಯ ಕಂಪ್ಯೂಟರಿನಲ್ಲೇ ಓದಿದ್ದಾಗಿತ್ತು. ಈಗ ಸ್ವಂತದ್ದು ಬೇಕು. ಬೇಡ ಅನ್ನಿಸಿಕೊಂಡ ಆ ಶನಿವಾರವೇ ಅವಳು ಔಲು ನಗರದ ಬಸ್ಸು ಹತ್ತಿ, ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ಅಂಥದ್ದೇ ಬೆಳ್ಳಿ ಬಣ್ಣದ ಹೊಚ್ಚ ಹೊಸ ಯಂತ್ರ ತಂದಳು. ವಿಡಿಯೋ ಬೆಣ್ಣೆಯ ಹಾಗೆ ಓಡಿತು. ಬುಧವಾರ ಕಂಪ್ಯೂಟರ್ ಅಂಗಡಿಯ ಮುಂದೆ ಹಾದುಹೋಗುವಾಗ, ಅಗತ್ಯವೇ ಇಲ್ಲದಿದ್ದರೂ ಅದನ್ನು ಚೀಲದಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಕಿಟಕಿಯ ಹಿಂದೆ ಅವನು ತಲೆ ಎತ್ತಿ ನೋಡಿದ. ಏನೋ ಹೇಳುವವನಂತೆ ಎದ್ದು ನಿಂತ. ಮತ್ತೆ ಕೂತ.

ಅವನು ಗೆಲ್ಲಲಿಲ್ಲ ಅಂದುಕೊಂಡಳು ಕೈಸ್ಲಾ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಗೊತ್ತಾಗಲು ಎಂಟು ದಿನ ಸಾಕಾಯಿತು.

ಆಗಸ್ಟಿನ ನಡುವೆ ಶಾಲೆಯಲ್ಲಿ ಪರೀಕ್ಷೆಯ ತಾಲೀಮು. ಎಲ್ಲರ ಕೈಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟರು. ಅದನ್ನು ತಮ್ಮ ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಬೇಕು. ಯಂತ್ರ ತನ್ನೊಳಗಿನದನ್ನೆಲ್ಲ ಮರೆತು ಆ ಪೆನ್‌ಡ್ರೈವಿನಿಂದಲೇ ಸ್ಟಾರ್ಟ್ ಆಗಬೇಕು, ಆಗ ಮಾತ್ರ ಪ್ರಶ್ನೆಪತ್ರಿಕೆ ತೆರೆಯುತ್ತದೆ. ನಕಲು ಹೊಡೆಯದಿರಲಿ ಅಂತ ಆ ಏರ್ಪಾಡು. ಹತ್ತೊಂಬತ್ತು ಜನರ ಪರದೆ ಬೆಳಗಿತು. ಕೈಸ್ಲಾಳದ್ದು ಕತ್ತಲೆಯಾಗಿಯೇ ಉಳಿಯಿತು. ತೆಗೆದಳು, ಹಾಕಿದಳು, ಊದಿದಳು. ಟೀಚರ್ ಬಂದು ನೋಡಿ ಮೆಲ್ಲಗೆ, ಈ ಮಾಡೆಲ್ ನಡೆಯುವುದಿಲ್ಲ, ಮೇ ತಿಂಗಳ ಕೊನೆಯ ಕ್ಲಾಸಿನಲ್ಲಿ ಪಟ್ಟಿ ಕೊಟ್ಟಿದ್ದೆವಲ್ಲ ಅಂದರು.

ಮೇ ತಿಂಗಳ ಕೊನೆಯ ಕ್ಲಾಸಿಗೆ ಅವಳು ಹೋಗಿರಲಿಲ್ಲ. ಆ ಸಂಜೆ ನಲವತ್ತೊಂದು ಬಿಳಿ ಟೋಪಿಗಳಿಗೆ ಕೆನೆ ಹಚ್ಚುತ್ತಿದ್ದಳು.

ಶಾಲೆಯಲ್ಲಿ ಎರವಲು ಕೊಡುವ ಯಂತ್ರ ಎರಡೇ, ಅವೂ ವಸಂತದಲ್ಲೇ ಹೆಸರು ಬರೆಸಿದವರ ಪಾಲಾಗಿದ್ದವು. ತರಗತಿಯ ಹುಡುಗಿಯೊಬ್ಬಳು ಅಯ್ಯೋ ಪಾಪ ಅನ್ನುವ ಮುಖ ಮಾಡಿದಳು. ಕೈಸ್ಲಾಗೆ ಅದೊಂದು ಮುಖ ಆಗದು. ಯಂತ್ರವನ್ನು ಮಡಚಿ ಎದ್ದಳು.

ಅವಮಾನಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಅವಳನ್ನು ಉರಿಸುತ್ತಿತ್ತು. ಆ ಮನುಷ್ಯನಿಗೆ ಇದು ಗೊತ್ತಿತ್ತು.

ಅಂಗಡಿಯ ಗಂಟೆ ಈ ಸಲವೂ ಜೋರಾಗಿಯೇ ಬಡಿದುಕೊಂಡಿತು. ಅಂಗಡಿಯವನು ಯಾವುದೋ ಯಂತ್ರದ ಹೊಟ್ಟೆ ಬಗೆದು ಕೂತಿದ್ದ. ಯಲ್ಮಾರಿ ಅನ್ನುವ ಅವನ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿತ್ತು. ಮೂವತ್ತೆಂಟರ ಆಸುಪಾಸು, ಏಳು ವರ್ಷದ ಹಿಂದೆ ಒಳನಾಡಿನಿಂದ ಬಂದವನು, ಒಂಟಿ ಅನ್ನುವುದು ಊರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ಕೈಸ್ಲಾ ಬೆಳ್ಳಿ ಯಂತ್ರವನ್ನು ಮೇಜಿನ ಮೇಲಿಟ್ಟಳು.

"ನಿಮಗೆ ಗೊತ್ತಿತ್ತು."

"ಹೂಂ."

"ಯಾಕೆ ಹೇಳಲಿಲ್ಲ?"

ಅವನು ಯಂತ್ರದಿಂದ ತಲೆ ಎತ್ತಿದ. "ನೀವು ಕೇಳಲಿಲ್ಲ" ಅಂದ.

"ನಾನು ಕೇಳಲಿಲ್ಲ ನಿಜ. ನಿಮಗೆ ಬಾಯಿ ಇರಲಿಲ್ವಾ? ನನ್ನ ಮೊಣಕೈ ನೋಡಿ ಬೇಡ ಅಂದ್ರಿ. ಬೇಕರಿಯವಳಿಗೆ ಬೆಳ್ಳಿ ಯಾಕೆ ಅಂತ ತಾನೇ ಅಂದ್ಕೊಂಡಿದ್ದು?"

ಅವನ ಕಿವಿ ಎರಡೂ ಕೆಂಪಾದವು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಇಟ್ಟ, ಮತ್ತೆ ಎತ್ತಿಕೊಂಡ.

"ಹಿಟ್ಟು ಇತ್ತು. ಅದಕ್ಕೆ ನೋಡಿದೆ. ಈ ತೆಳ್ಳಗಿನದರ ಕೀಬೋರ್ಡಿಗೆ ಹಿಟ್ಟು ಹೋದ್ರೆ ತೆಗೆಯೋಕಾಗಲ್ಲ. ಮತ್ತೆ ಒಳಗಿನ ಚಿಪ್ ಬೇರೆ ಜಾತಿದು. ಪರೀಕ್ಷೆ ಪೆನ್‌ಡ್ರೈವ್ ಚುಚ್ಚಿದ್ರೆ ಅದು ಬಾಯೇ ಬಿಡಲ್ಲ."

"ನಿಮ್ಮ ಥರಾನೇ."

"ನನ್ನ ಥರಾನೇ" ಎಂದು ಅವನು ಒಪ್ಪಿಕೊಂಡ. ಆಮೇಲೆ ನಿಧಾನವಾಗಿ, ಆ ಬುಧವಾರ ಕಿಟಕಿಯಲ್ಲಿ ಅವಳನ್ನು ಕಂಡಾಗ ಓಡಿಬಂದು ಹೇಳಬೇಕು ಅನ್ನಿಸಿತ್ತು ಅಂದ. ಆದರೆ ಅವಳು ಅದನ್ನು ಎಷ್ಟು ಖುಷಿಯಿಂದ ಕಂಕುಳಲ್ಲಿ ಇಟ್ಟುಕೊಂಡಿದ್ದಳೆಂದರೆ, ಅವನಿಗೆ ಮನಸ್ಸಾಗಲಿಲ್ಲವಂತೆ.

ಕೈಸ್ಲಾಗೆ ನಗು ಬಂತು. ಬರಬಾರದಿತ್ತು, ಬಂತು. ಜಗಳಕ್ಕೆ ಅಂತ ಬಂದವಳು ನಕ್ಕುಬಿಟ್ಟರೆ ಅರ್ಧ ಜಗಳ ಸೋತ ಹಾಗೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಸರಿ. ಈಗ ಕೇಳ್ತಿದೀನಿ. ನಂಗೆ ಯಾವುದು ಬೇಕು, ಯಾಕೆ ಬೇಕು, ಒಂದೂ ಬಿಡದೆ ಹೇಳಿ."

ಅವನು ಹೇಳಿದ. ಮೂಲೆಯ ಕಪ್ಪು ಯಂತ್ರ ಯಾವುದೋ ಆಫೀಸಿನಲ್ಲಿ ನಾಲ್ಕು ವರ್ಷ ದುಡಿದದ್ದು, ತೂಕ ಜಾಸ್ತಿ, ಆದರೆ ಪರೀಕ್ಷೆಗೆ ಎಂದೂ ಕೈಕೊಡದ ಜಾತಿ. ರ‍್ಯಾಮ್ ಎಂಟು ಇದೆ, ಎಡಿಟಿಂಗಿಗೆ ಸಾಲದು, ಹದಿನಾರು ಮಾಡಿಕೊಡುತ್ತೇನೆ. ಡಿಸ್ಕು, ಬ್ಯಾಟರಿ ಹೊಸದು ಹಾಕುತ್ತೇನೆ. ಪರದೆ ಸಾಧಾರಣ, ಬಣ್ಣ ಸ್ವಲ್ಪ ಮಂಕಾಗಿ ಕಾಣುತ್ತದೆ, ಅದನ್ನು ಸುಳ್ಳು ಹೇಳುವುದಿಲ್ಲ. ವಿಡಿಯೋ ಭಾರವಾದರೆ ಮೊದಲು ಸಣ್ಣ ಸೈಜಿನ ಕಾಪಿ ಮಾಡಿಕೊಂಡು ಅದರಲ್ಲಿ ಕತ್ತರಿಸಬೇಕು, ಕೊನೆಯಲ್ಲಿ ದೊಡ್ಡದು ತಾನೇ ಬಂದು ಕೂರುತ್ತದೆ. ಐದು ನಿಮಿಷದ ಚಿತ್ರಕ್ಕೆ ಇಷ್ಟು ಧಾರಾಳವಾಗಿ ಸಾಕು.

ಬಹುಶಃ ಅದು ಅವನ ಒಂದು ತಿಂಗಳ ಮಾತು. ಮುಗಿಸಿ ಅವನು ನೀರು ಕುಡಿದ. ಮಾತಾಡುವಾಗ ಅವನ ಕಣ್ಣು ಅವಳ ಮುಖಕ್ಕೆ ಬಂದು, ಅಲ್ಲಿ ಇರಲಾರದೆ, ಕೀಬೋರ್ಡಿಗೆ ಇಳಿದು, ಮತ್ತೆ ಕಳ್ಳನ ಹಾಗೆ ಹತ್ತುತ್ತಿತ್ತು. ಕೈಸ್ಲಾ ಅದನ್ನು ಮೂರು ಸಲ ಹಿಡಿದಳು. ನಾಲ್ಕನೆಯ ಸಲ ಬೇಕೆಂದೇ ಬಿಟ್ಟಳು.

"ಏನು ಚಿತ್ರ?" ಎಂದು ಅವನು ಕೇಳಿದ. ಕೇಳಿದ್ದಕ್ಕೆ ತಾನೇ ಬೆಚ್ಚಿದವನಂತೆ ಕಂಡ.

"ಕಾಲುಗಳದ್ದು" ಅಂದಳು ಅವಳು. ಅಷ್ಟಕ್ಕೇ ನಿಲ್ಲಿಸಿದಳು. ಅವನೊಬ್ಬನೇ ಕಡಿಮೆ ಮಾತಾಡಬೇಕು ಅಂತ ಎಲ್ಲಿದೆ?

ಬೆಳ್ಳಿ ಯಂತ್ರವನ್ನು ಔಲುವಿನ ಅಂಗಡಿ ತಕರಾರಿಲ್ಲದೆ ವಾಪಸು ತೆಗೆದುಕೊಂಡಿತು. ಕಪ್ಪು ಯಂತ್ರ ಮನೆಗೆ ಬಂತು. ಅದನ್ನು ನೋಡಿ ಟೆಲ್ಲೆರ್ವೋ, ಇದೇನು ಅಚ್ಚಿನ ಡಬ್ಬಿಯಾ, ಇದರಲ್ಲಿ ಎರಡು ಕಿಲೋ ಬ್ರೆಡ್ಡು ಬೇಯಿಸಬಹುದು ಅಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಲೂ ಸೇರಿಸಿದಳು. ಹೊಟ್ಟೆಗೆ ಹಿಟ್ಟು ಬೇಕಾದಷ್ಟಿದೆ, ಈಗ ಮಲ್ಲಿಗೆಯ ಸರದಿ ಅಂತ ಕೈಸ್ಲಾ ಉತ್ತರ ಕೊಟ್ಟಳು.

ಕಾಲುಗಳ ಚಿತ್ರದ ಕಥೆ ಹೀಗಿತ್ತು. ಊರ ಹೊರಗೆ, ಸಮುದ್ರದ ಪಕ್ಕ, ಮರದ ನೃತ್ಯಮಂಟಪ. ಬೇಸಿಗೆಯ ಶನಿವಾರಗಳಲ್ಲಿ ಅಲ್ಲಿ ಅಕಾರ್ಡಿಯನ್ ಬಾರಿಸುತ್ತಾರೆ, ಊರೆಲ್ಲ ಟ್ಯಾಂಗೋ ಕುಣಿಯುತ್ತದೆ. ಮಂಟಪಕ್ಕೆ ತಗುಲಿದ ಕಾಫಿ ಅಂಗಡಿ ಇವರ ಬೇಕರಿಯದು. ಇಳಿಜಾರಿನಲ್ಲಿ ಕಟ್ಟಿದ್ದರಿಂದ ಅಂಗಡಿಯ ಕಿಟಕಿಗೆ ಕುಣಿಯುವವರ ಕಾಲುಗಳೇ ನೇರಕ್ಕೆ ಕಾಣುತ್ತಿದ್ದವು. ವಿಡಿಯೋದಲ್ಲಿ ಮುಖ ಹಿಡಿಯಬೇಕಾದರೆ ಅನುಮತಿ ಕೇಳಬೇಕು, ಕಾಲಿಗೆ ಬೇಡ. ಆರು ಬೇಸಿಗೆಯಿಂದ ಅವಳು ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಕಾಲುಗಳನ್ನು ಹಿಡಿಯುತ್ತ ಬಂದಿದ್ದಳು. ಎತ್ತರದ ಹಿಮ್ಮಡಿಗಳು, ಪಾಲಿಶ್ ಬೂಟುಗಳು, ಎಪ್ಪತ್ತು ವರ್ಷದ ಅಜ್ಜಿಯ ಬಿಳಿ ಸ್ಯಾಂಡಲ್ಲು. ಅದನ್ನೆಲ್ಲ ಐದು ನಿಮಿಷಕ್ಕೆ ಇಳಿಸಿ ಶಾಲೆಗೆ ಕೊಡಬೇಕಿತ್ತು.

ಆರು ಬೇಸಿಗೆಯಲ್ಲಿ ಅವಳು ಒಂದು ದಿನವೂ ಕುಣಿದಿರಲಿಲ್ಲ. ಯಾರೂ ಕರೆದಿರಲಿಲ್ಲ. ಕೌಂಟರಿನ ಹಿಂದೆ ನಿಂತವಳು ಕೌಂಟರಿನ ಭಾಗವೇ ಆಗಿಬಿಡುತ್ತಾಳೆ.

ಯಲ್ಮಾರಿ ಹೇಳಿದ ಹಾಗೆ ಸಣ್ಣ ಕಾಪಿ ಮಾಡಿಕೊಂಡು ಅವಳು ಕತ್ತರಿಸಲು ಕೂತಳು. ಎರಡನೆಯ ದಿನ ಒಂದು ತುಣುಕಿನಲ್ಲಿ ಕೈ ನಿಂತಿತು. ಕುಣಿಯುವ ಕಾಲುಗಳ ಹಿಂದೆ, ಗಂಡಸರ ಬೆಂಚಿನ ಕೊನೆಯಲ್ಲಿ, ಕುಣಿಯದೆ ಕೂತ ಒಂದು ಜೊತೆ ಕಂದು ಶೂ. ಎಡಗಾಲಿನ ಲೇಸು ಕೆಂಪು.

ಹಿಂದಿನ ವರ್ಷದ ತುಣುಕು ತೆರೆದಳು. ಅದೇ ಬೆಂಚು, ಅದೇ ಮೂಲೆ. ಅದಕ್ಕೂ ಹಿಂದಿನದು. ಅಲ್ಲಿ ಎರಡೂ ಲೇಸು ಕಂದು, ಶೂ ಅವೇ, ಪಕ್ಕದಲ್ಲಿ ನೆಲದ ಮೇಲೆ ಒಂದು ಫ್ಲಾಸ್ಕು. ಆರು ಬೇಸಿಗೆಯನ್ನೂ ತೆರೆದು ನೋಡಿದಳು. ಬೆಂಚಿನಲ್ಲಿ ಕೂತ ಬೇರೆ ಗಂಡಸರ ಶೂಗಳೆಲ್ಲ ಎದುರಿನ ಹೆಂಗಸರ ಬೆಂಚಿನ ಕಡೆ ತಿರುಗಿದ್ದವು. ಇವೆರಡು ಮಾತ್ರ ಓರೆಯಾಗಿ ಕಾಫಿ ಅಂಗಡಿಯ ಕಡೆಗೆ, ನೇರವಾಗಿ ಅವಳ ಫೋನಿನ ಕಡೆಗೆ, ಅಂದರೆ ಅವಳ ಕಡೆಗೆ.

ಕೈಸ್ಲಾ ಯಂತ್ರವನ್ನು ಮುಚ್ಚಿದಳು. ಮತ್ತೆ ತೆರೆದಳು. ಮೊದಲು ಸಂತೋಷವಾಯಿತು, ಅದರ ಹಿಂದೆಯೇ ಮೈಯೆಲ್ಲ ಕೋಪ ಬಂತು. ಆರು ಬೇಸಿಗೆ! ಕಾಫಿಗೆ ಕೂಡ ಬರದೆ, ಮನೆಯಿಂದ ಫ್ಲಾಸ್ಕು ತಂದುಕೊಂಡು!

ಸೆಪ್ಟೆಂಬರಿನ ಎರಡನೆಯ ಶನಿವಾರ ವರ್ಷದ ಕೊನೆಯ ನೃತ್ಯ. ಸೋಮವಾರ ಬೆಳಿಗ್ಗೆ ಮೊದಲ ಪತ್ರಿಕೆ, ಮಾತೃಭಾಷೆ. ಮನೆಯಲ್ಲಿ ಕೂತು ಓದಿಕೋ ಅಂತ ಹೇಳಬಹುದಾಗಿದ್ದ ಅಕ್ಕ, ಕೌಂಟರಿಗೆ ಜನ ಸಾಲದು ಬಾ ಅಂದಳು.

ಅಲ್ಲಿ ಒಂದು ಪದ್ಧತಿಯಿದೆ. ಸಂಜೆಯೆಲ್ಲ ಗಂಡಸರು ಹೆಂಗಸರನ್ನು ಕುಣಿಯಲು ಕರೆಯುತ್ತಾರೆ. ನಡುವೆ ಒಂದು ಗಂಟೆ ಮಾತ್ರ ವೇದಿಕೆಯ ಮೇಲೆ ದೀಪದ ಹಲಗೆ ಹತ್ತುತ್ತದೆ: ಹೆಂಗಸರ ಸರದಿ. ಆಗ ಕರೆಯುವವರು ಹೆಂಗಸರು. ಯಾರೇ ಕರೆದರೂ ಒಂದು ಜೋಡಿಗೆ ಎರಡೇ ಹಾಡು. ಮುಗಿದ ಮೇಲೆ ಗಂಡಸು ಹೆಂಗಸಿನ ಕೈಹಿಡಿದು ಅವಳ ಜಾಗಕ್ಕೆ ತಂದು ಬಿಟ್ಟು ಹೋಗಬೇಕು. ಬಿಡದೆ ಮೂರನೆಯ ಹಾಡಿಗೂ ನಿಂತರೆ ಭಾನುವಾರ ಬೆಳಿಗ್ಗೆ ಊರಿಗೆಲ್ಲ ಸುದ್ದಿ.

ದೀಪದ ಹಲಗೆ ಹತ್ತಿದಾಗ ಕೌಂಟರಿನ ಮುಂದೆ ಹತ್ತು ಜನ ನಿಂತಿದ್ದರು. ಕೈಸ್ಲಾ ಕಾಫಿ ಜಗ್ಗನ್ನು ಕೆಳಗಿಟ್ಟಳು.

"ಎಲ್ಲಿಗೇ?" ಅಂದಳು ಟೆಲ್ಲೆರ್ವೋ.

"ಕುಣಿಯೋಕೆ."

"ಇಷ್ಟು ಜನ ಕಾಯ್ತಿದಾರೆ. ಸೋಮವಾರ ಪರೀಕ್ಷೆ ಬೇರೆ. ತಲೆ ಕೆಟ್ಟಿದ್ಯಾ ನಿಂಗೆ?"

"ಜಗ್ ಅಲ್ಲಿದೆ, ಕಪ್ ಇಲ್ಲಿದೆ. ಎಲ್ಲರಿಗೂ ಎರಡೆರಡು ಕೈ ಇದೆ ಅಕ್ಕ."

ಏಪ್ರನ್ ಬಿಚ್ಚುವಷ್ಟು ಹೊತ್ತು ನಿಂತರೆ ಧೈರ್ಯ ಕರಗೀತು ಅನ್ನಿಸಿ ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತಿದಳು. ಮಂಟಪದ ಆ ತುದಿಯ ಬೆಂಚಿಗೆ ನಲವತ್ತು ಹೆಜ್ಜೆ. ಅಷ್ಟೂ ಹೆಜ್ಜೆ ಊರು ನೋಡಿತು. ಊರು ಬಾಯಿಬಿಡುವುದಿಲ್ಲ, ನೋಡುವುದರಲ್ಲಿ ಮಾತ್ರ ಅದನ್ನು ಮೀರಿಸುವವರಿಲ್ಲ. ನೋಡಲಿ ಅಂತ ಅವಳು ತಲೆ ಎತ್ತಿಕೊಂಡೇ ನಡೆದಳು. ಈ ಸಲ ನೆಲ ನೋಡಲಿಲ್ಲ.

ಯಲ್ಮಾರಿ ಅವಳು ಬರುವುದನ್ನು ಕಂಡು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

"ಬನ್ನಿ" ಎಂದು ಅವಳು ಕೈ ಚಾಚಿದಳು.

ಅವನು ಎದ್ದ. ಎದ್ದ ರಭಸಕ್ಕೆ ಫ್ಲಾಸ್ಕು ಉರುಳಿ ಬೆಂಚಿನ ಕೆಳಗೆ ಹೋಯಿತು, ಅವನು ತಿರುಗಿ ನೋಡಲಿಲ್ಲ. ಟ್ಯಾಂಗೋ ಶುರುವಾಯಿತು. ಅವನಿಗೆ ಕುಣಿಯಲು ಬರುವುದಿಲ್ಲ ಅನ್ನುವುದು ಮೂರನೆಯ ಹೆಜ್ಜೆಗೇ ಅವಳ ಕಾಲ್ಬೆರಳಿಗೆ ತಿಳಿಯಿತು. ಅವನ ಅಂಗೈ ಅವಳ ಬೆನ್ನಿನ ಮೇಲೆ, ಬಿಸಿ ಟ್ರೇ ಹಿಡಿದವನಂತೆ, ತಾಕಿಯೂ ತಾಕದೆ ಇತ್ತು.

"ಕುಣಿಯೋಕೆ ಬರದೋರು ಇಲ್ಲಿಗೆ ಯಾಕೆ ಬರ್ತೀರಿ?"

"ನಿಮಗೆ ಗೊತ್ತು."

"ಗೊತ್ತು. ಆದ್ರೂ ಹೇಳಿ. ಕೇಳ್ತಿದೀನಲ್ಲ."

ಮೊದಲ ಹಾಡು ಮುಗಿದು ಎರಡನೆಯದು ಶುರುವಾಗುವವರೆಗೂ ಅವನು ಮಾತಿಗೆ ತಡಕಾಡಿದ.

"ನಿಮ್ಮನ್ನ ನೋಡೋಕೆ" ಎಂದ. "ಆರು ವರ್ಷದಿಂದ. ನೀವು ಕಾಫಿ ಕೊಡುವಾಗ ಒಂದೊಂದು ಸಲ ಹಾಡಿಗೆ ತಲೆ ಆಡಿಸ್ತೀರಿ. ಅದನ್ನ ನೋಡೋಕೆ ವಾರವೆಲ್ಲ ಕಾಯ್ತೀನಿ."

ಈ ಸಲ ಕೈಸ್ಲಾಳೇ ಹೆಜ್ಜೆ ತಪ್ಪಿದಳು. ಆದರೂ ಬಿಡಲಿಲ್ಲ. "ಹಾಗಾದ್ರೆ ಫ್ಲಾಸ್ಕ್ ಯಾಕೆ? ನನ್ನ ಕಾಫಿ ಅಷ್ಟು ಕೆಟ್ಟದಾ?"

"ಗೊತ್ತಿಲ್ಲ, ಕುಡಿದಿಲ್ಲ. ಕೌಂಟರಿಗೆ ಬಂದ್ರೆ ಮಾತಾಡಬೇಕಲ್ಲ. ಮಾತಾಡಿದ್ರೆ ಕರೆಯಬೇಕು. ಕರೆದು, ನೀವು ಬೇಡ ಅಂದ್ರೆ?"

"ನೀವು ನಂಗೆ ಬೇಡ ಅಂದ್ರಿ" ಎಂದಳು ಅವಳು. "ನಾನೇನು ಸತ್ತುಹೋದೆನಾ?"

ಅವನು ನಕ್ಕ. ಆರು ಬೇಸಿಗೆಯಲ್ಲಿ ಮೊದಲ ಸಲ ಅವಳು ಆ ಶೂಗಳ ಮೇಲಿನ ಮುಖ ನಗುವುದನ್ನು ಕಂಡಳು. ಅವನ ಅಂಗೈ ಅವಳ ಬೆನ್ನಿನ ಮೇಲೆ ಪೂರ್ತಿಯಾಗಿ ಕೂತಿತು.

ಎರಡನೆಯ ಹಾಡು ಮುಗಿಯಿತು. ಜೋಡಿಗಳು ಬಿಡಿಸಿಕೊಂಡು ಬೆಂಚುಗಳ ಕಡೆ ನಡೆದವು. ಯಲ್ಮಾರಿ ಪದ್ಧತಿಯಂತೆ ಅವಳ ಕೈಹಿಡಿದು ಕಾಫಿ ಅಂಗಡಿಯ ಮೆಟ್ಟಿಲ ಕಡೆ ತಿರುಗಿದ. ಅಲ್ಲಿ ಟೆಲ್ಲೆರ್ವೋ ಜಗ್ಗು ಹಿಡಿದು ನಿಂತಿದ್ದಳು. ಅವಳ ಹಿಂದೆ ಸಾಲು, ಸಾಲಿನ ಹಿಂದೆ ಊರು.

ಕೈಸ್ಲಾ ಕಾಲೂರಿ ನಿಂತಳು.

"ಅಲ್ಲಿಗೆ ಬೇಡ" ಅಂದಳು.

ಅವನು ನಿಂತ. ಅವಳನ್ನು ನೋಡಿದ. ಹಿಂದಿನ ಯಲ್ಮಾರಿಯಾಗಿದ್ದರೆ ತಲೆಯಾಡಿಸಿ, ಕೈ ಬಿಟ್ಟು, ತನ್ನ ಬೆಂಚಿಗೆ ಹೋಗಿ ಇನ್ನಾರು ಬೇಸಿಗೆ ಕೂತಿರುತ್ತಿದ್ದ.

"ಯಾಕೆ?" ಎಂದು ಅವನು ಕೇಳಿದ.

ಕೈಸ್ಲಾಳ ಕಣ್ಣಲ್ಲಿ ನೀರು ಬಂತು. ಅವಳನ್ನು ಈ ಊರಿನಲ್ಲಿ ಹಾಗೆ ಯಾರೂ ಕೇಳಿರಲಿಲ್ಲ.

"ಅದು ಕೌಂಟರು" ಅಂದಳು. "ನಾನು ಅಲ್ಲಿ ಕೆಲಸ ಮಾಡ್ತೀನಿ ಅಷ್ಟೇ. ನನ್ನ ಜಾಗ ಅದಲ್ಲ."

ಮೂರನೆಯ ಹಾಡು ಶುರುವಾಯಿತು. ಇಬ್ಬರೂ ಕದಲಲಿಲ್ಲ, ಆಮೇಲೆ ಕದಲಿದರು. ಅವನು ಮತ್ತೆ ಅವಳ ಕಾಲು ತುಳಿದ. ಅವಳು ಅವನ ಭುಜಕ್ಕೆ ಕೆನ್ನೆ ಕೊಟ್ಟು, ಎಲ್ಲರ ಕಣ್ಣೆದುರಿಗೇ ಕಣ್ಣು ಮುಚ್ಚಿದಳು.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ತಿಂಡಿಯ ಡಬ್ಬಿ ಸಿದ್ಧವಾಗಿತ್ತು. ಪರೀಕ್ಷೆಗೆ ಒಯ್ಯುವ ತಿಂಡಿಯ ಮೇಲೆ ಒಂದಕ್ಷರವೂ ಇರಬಾರದು, ಅದು ನಕಲು ತಡೆಯುವ ನಿಯಮ. ಟೆಲ್ಲೆರ್ವೋ ಏಲಕ್ಕಿ ಬನ್ನುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದಳು. ಜ್ಯೂಸ್ ಬಾಟಲಿಯ ಲೇಬಲ್ಲನ್ನು ಉಗುರಿನಲ್ಲಿ ಕೆರೆದೂ ಕೆರೆದೂ ಗಾಜು ಕನ್ನಡಿಯಾಗಿತ್ತು. ಶನಿವಾರದಿಂದ ಅವಳು ಒಂದು ಮಾತೂ ಆಡಿರಲಿಲ್ಲ. ತಂಗಿಯ ಕಾಲರ್ ಸರಿಮಾಡಿ ಬೆನ್ನಿಗೊಂದು ತಳ್ಳು ಕೊಟ್ಟಳು.

ಶಾಲೆಯ ಗೇಟಿನಲ್ಲಿ ಯಲ್ಮಾರಿ ಲ್ಯಾಪ್‌ಟಾಪ್ ಹಿಡಿದು ಕಾಯುತ್ತಿದ್ದ. ಕೊನೆಯ ಸಲ ಎಲ್ಲ ನೋಡಿಕೊಡುತ್ತೇನೆ ಅಂತ ಭಾನುವಾರ ಒಯ್ದಿದ್ದ. ಅವಳ ಕೈಗೆ ಕೊಟ್ಟು, ಎರಡು ಸಲ ಪೆನ್‌ಡ್ರೈವ್ ಹಾಕಿ ನೋಡಿದೆ, ಎರಡು ಸಲವೂ ಸ್ಟಾರ್ಟ್ ಆಯಿತು ಅಂದ. ಮತ್ತೆ, ಯಾರೂ ಕೇಳದಿದ್ದರೂ, ಹನ್ನೊಂದು ಸಲ ಹಾಕಿದೆ ಅಂತ ತಿದ್ದಿಕೊಂಡ.

ಸಭಾಂಗಣದ ಬಾಗಿಲಲ್ಲಿ ಮೇಲ್ವಿಚಾರಕಿ ಡಬ್ಬಿ ನೋಡಿದರು, ಬಾಟಲಿಯನ್ನು ಬೆಳಕಿಗೆ ಹಿಡಿದರು. ಚಾರ್ಜರ್ ಎತ್ತಿದಾಗ ಅವರ ಹುಬ್ಬು ಏರಿತು. ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಕೆಂಪು ಶೂ ಲೇಸಿನಿಂದ ಕಟ್ಟಿತ್ತು.

"ಇದು ಯಾರದು?" ಎಂದು ಕೇಳಿದರು.

"ನನ್ನದು" ಅಂದಳು ಕೈಸ್ಲಾ.

ಲೇಸಿನಲ್ಲಿ ಅಕ್ಷರ ಯಾವುದೂ ಇರಲಿಲ್ಲ. ಒಳಗೆ ಬಿಟ್ಟರು.

ಅವಳ ಮೇಜು ಕಿಟಕಿಯ ಪಕ್ಕ. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದಳು. ಪರದೆ ಕಪ್ಪಗಾಯಿತು. ಒಂದು, ಎರಡು, ಮೂರು ಎಂದು ಎಣಿಸಿದಳು. ಏಳಕ್ಕೆ ಬೆಳಕು ಬಂತು, ಹೆಸರು ಬರೆಯಿರಿ ಅಂತ ಕೇಳಿತು. ಎಷ್ಟೋ ಕೇಕುಗಳ ಮೇಲೆ ಎಷ್ಟೋ ಜನರ ಹೆಸರು ಬರೆದ ಬೆರಳುಗಳಿಂದ ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು.

ಗಂಟೆ ಬಾರಿಸುವ ಮುಂಚೆ ಒಮ್ಮೆ ಹೊರಗೆ ನೋಡಿದಳು. ಸೈಕಲ್ ಸ್ಟ್ಯಾಂಡಿನ ಪಕ್ಕದ ಬೆಂಚಿನಲ್ಲಿ ಯಲ್ಮಾರಿ ಕೂತಿದ್ದ, ಕೈಯಲ್ಲಿ ಅವಳ ಬೇಕರಿಯ ಕಾಗದದ ಕಾಫಿ ಕಪ್, ಎಡಗಾಲಿನ ಶೂ ಲೇಸಿಲ್ಲದೆ ಬಾಯಿ ತೆರೆದುಕೊಂಡಿತ್ತು. ಎರಡೂ ಶೂಗಳು ಅವಳ ಕಿಟಕಿಯ ಕಡೆಗೇ ತಿರುಗಿದ್ದವು.

ಪರೀಕ್ಷೆ ಆರು ಗಂಟೆಯದು. ಅವನಿಗೆ ಆರು ಬೇಸಿಗೆ ಕೂತು ಅಭ್ಯಾಸವಿತ್ತು.